ಹಾಡು ಕಾಪಾಡಿದ ಫ್ರೆಂಚ್

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಅಂಚಿನಲ್ಲಿರುವ ಲೂಯಿಸಿಯಾನ ರಾಜ್ಯದಲ್ಲಿ, ಆಫ್ರಿಕನ್ ಮೂಲದ ಕ್ರಿಯೋಲ್ ಜನರು ಅಕಾರ್ಡಿಯನ್ ನುಡಿಸುತ್ತ, ಎದೆಗೆ ತೊಟ್ಟ ಸುಕ್ಕುತಗಡನ್ನು ಚಮಚಗಳಿಂದ ಉಜ್ಜಿ ತಾಳ ಹಾಕುತ್ತ ಕುಣಿಯುವ ಸಂಗೀತಕ್ಕೆ ‘ಝೈಡಿಕೊ’ ಎಂದು ಹೆಸರು. ಈ ಹೆಸರು ಪಶ್ಚಿಮ ಆಫ್ರಿಕದ ಭಾಷೆಗಳಿಂದ ಬಂದಿರಬಹುದೆಂದು ಕೆಲವರು ವಾದಿಸುತ್ತಾರಾದರೂ, ಹೆಚ್ಚು ಮಂದಿ ಒಪ್ಪಿರುವ ವಿವರಣೆ ಅದನ್ನು ಹುರುಳಿಕಾಯಿಗೆ ಜೋಡಿಸುತ್ತದೆ. ಫ್ರೆಂಚಿನಲ್ಲಿ ಹುರುಳಿಕಾಯಿಗೆ ‘ಆರಿಕೊ’ ಎನ್ನುತ್ತಾರೆ. ಅದರ ಹಿಂದೆ ಬಹುವಚನ ಸೂಚಕವಾದ ‘ಲೇ’ ಸೇರಿದಾಗ, ಆ ‘ಲೇ’ಯ ಕೊನೆಯಲ್ಲಿ ಬರಹದಲ್ಲಿ ಮಾತ್ರ ಉಳಿದಿರುವ ಸಕಾರವು ಮುಂದಿನ ಸ್ವರದೊಡನೆ ಕೂಡಿ ಝಕಾರವಾಗಿ ಕೇಳಿಸಬೇಕೇ ಬೇಡವೇ ಎಂಬುದೇ ಇಲ್ಲಿರುವ ಪ್ರಶ್ನೆ. ಹೀಗೆ ಕೂಡುವುದನ್ನು ಫ್ರೆಂಚ್ ವ್ಯಾಕರಣ ‘ಲಿಯೆಝೋಂ’ ಎಂದು ಕರೆಯುತ್ತದೆ. ಅದು ಸಂಧಿಯ ಒಂದು ಬಗೆ. ಆದರೆ ‘ಆರಿಕೊ’ ಪದದ ಬರಹದ ಮೊದಲಲ್ಲಿ ಉಚ್ಚಾರವಿಲ್ಲದ ಹಕಾರವೊಂದು ಕುಳಿತಿದೆ, ಮತ್ತು ಆ ಹಕಾರ ಇರುವ ಕೆಲವು ಪದಗಳಲ್ಲಿ ಸಂಧಿ ಕೂಡದೆಂದು ವ್ಯಾಕರಣ ವಿಧಿಸುತ್ತದೆ. ಕನ್ನಡ ವ್ಯಾಕರಣದಲ್ಲಿ ಸಂಧಿಯಾಗಬೇಕಾದಲ್ಲಿ ಆಗದೆ ನಿಲ್ಲುವುದನ್ನು ‘ಪ್ರಕೃತಿಭಾವ’ ಎನ್ನುವಂತೆಯೇ ಇದು. ಪ್ಯಾರಿಸ್ಸಿನ ಶಾಲೆಯಲ್ಲಿ ಆದ್ದರಿಂದ ‘ಲೇ ಆರಿಕೊ’ ಎನ್ನಬೇಕು. ಲೂಯಿಸಿಯಾನದ ಜನ ಈ ವಿಧಿಗೆ ಸೊಪ್ಪು ಹಾಕದೆ ‘ಲೇಝಾರಿಕೊ’ ಎಂದರು. ಅದೇ ಸವೆದು ‘ಝಾರಿಕೊ’ ಆಯಿತು, ಬಳಿಕ ಇಂಗ್ಲಿಷ್ ಬರಹದ ಕೈಗೆ ಸಿಕ್ಕು ‘ಝೈಡಿಕೊ’ ಆಯಿತು.

‘ಹುರುಳಿಕಾಯಿಗೆ ಉಪ್ಪಿಲ್ಲ’ ಎಂಬುದು ಅಲ್ಲಿನ ಹಳೆಯ ಮಾತು. ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸದ ತುಣುಕನ್ನು ಮಡಕೆಗೆ ಹಾಕುವಷ್ಟೂ ಅನುಕೂಲವಿಲ್ಲದ ದಿನಗಳನ್ನು ಅದು ಸೂಚಿಸುತ್ತದೆ. ಬಡತನದ ಆ ಮಾತು ಹಾಡಾಗಿ, ಹಾಡಿನಿಂದ ಕುಣಿತಕ್ಕೆ ಹೆಸರಾಗಿ, ಕುಣಿತದಿಂದ ಒಂದು ಸಂಗೀತ ಪ್ರಕಾರಕ್ಕೇ ಹೆಸರಾಗಿ, ಕೊನೆಗೆ ಜಗತ್ತಿನ ಮುಖ್ಯ ಸಂಗೀತ ಪ್ರಶಸ್ತಿಗಳ ವೇದಿಕೆಯವರೆಗೂ ನಡೆದುಹೋಯಿತು. ವ್ಯಾಕರಣದ ದೃಷ್ಟಿಯಲ್ಲಿ ತಪ್ಪೆನಿಸಿದ ಒಂದು ಝಕಾರ ಉಳಿದುಕೊಂಡದ್ದು ಯಾವ ಸಂಸ್ಥೆಯ ಆಶ್ರಯದಿಂದಲೂ ಆಗಿರಲಿಲ್ಲ ಎಂಬುದನ್ನು ಗಮನಿಸಿದರೆ, ಫ್ರೆಂಚ್ ಎಂಬ ಭಾಷೆಯ ಚರಿತ್ರೆಯನ್ನು ಪ್ಯಾರಿಸ್ಸಿನಿಂದ ಮಾತ್ರ ನೋಡುವುದು ಎಷ್ಟು ಅಪೂರ್ಣವೆಂಬುದು ತಿಳಿಯುತ್ತದೆ.

ಪ್ಯಾರಿಸ್ಸಿನ ಕಡೆಯ ಚರಿತ್ರೆ ಎಲ್ಲರಿಗೂ ಸ್ಥೂಲವಾಗಿ ಗೊತ್ತಿರುವಂಥದು. 1539ರಲ್ಲಿ ಮೊದಲನೆಯ ಫ್ರಾನ್ಸ್ವಾ ದೊರೆ ವಿಲ್ಲೇರ್-ಕೊತ್ರೇ ಎಂಬಲ್ಲಿ ಹೊರಡಿಸಿದ ರಾಜಾಜ್ಞೆಯು ನ್ಯಾಯಾಲಯದ ದಾಖಲೆಗಳಿಂದ ಲ್ಯಾಟಿನ್ ಭಾಷೆಯನ್ನು ಹೊರಹಾಕಿ ಫ್ರೆಂಚನ್ನು ಕೂರಿಸಿತು. 1635ರಲ್ಲಿ ಮಂತ್ರಿ ರಿಶೆಲ್ಯೂ ಸ್ಥಾಪಿಸಿದ ಫ್ರೆಂಚ್ ಅಕಾಡೆಮಿಯು 40 ಮಂದಿ ಸದಸ್ಯರ ಮೂಲಕ ಪದಗಳ ಶುದ್ಧಾಶುದ್ಧಗಳನ್ನು ಗೊತ್ತುಮಾಡುವ ಹೊಣೆ ಹೊತ್ತು, 1694ರಲ್ಲಿ ತನ್ನ ಮೊದಲ ನಿಘಂಟನ್ನು ಹೊರತಂದಿತು. ಇಷ್ಟಾದರೂ ಆ ದೇಶದ ಬಹುಪಾಲು ಜನ ಆ ಭಾಷೆಯನ್ನು ಆಡುತ್ತಿರಲಿಲ್ಲ. ಮಹಾಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಪಾದ್ರಿ ಗ್ರೆಗ್ವಾರ್ ಸಲ್ಲಿಸಿದ ವರದಿಯು ಕಡಿಮೆಯೆಂದರೂ 60 ಲಕ್ಷ ಮಂದಿಗೆ ಫ್ರೆಂಚ್ ಬರುವುದೇ ಇಲ್ಲವೆಂದೂ, ಅದನ್ನು ಶುದ್ಧವಾಗಿ ಆಡಬಲ್ಲವರು 30 ಲಕ್ಷವನ್ನು ಮೀರಲಾರರೆಂದೂ ಅಂದಾಜು ಮಾಡಿತು. ಉಳಿದ ‘ಪತ್ವಾ’ಗಳನ್ನು, ಎಂದರೆ ಹಳ್ಳಿನುಡಿಗಳನ್ನು, ಇಲ್ಲವಾಗಿಸಬೇಕೆಂಬುದು ಆ ವರದಿಯ ಉದ್ದೇಶವೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಡ್ಡಾಯ ಶಿಕ್ಷಣ ಬಂದಾಗ ಆ ಕೆಲಸ ಶಾಲಾ ಮಾಸ್ತರರ ಪಾಲಿಗೆ ಬಂತು. ಬ್ರಿಟನಿ ಪ್ರಾಂತದಲ್ಲಿ ಬ್ರೆಟನ್ ಮಾತಾಡಿದ ಮಗುವಿನ ಕೊರಳಿಗೆ ಒಂದು ಗುರುತಿನ ವಸ್ತುವನ್ನು ನೇತುಹಾಕುತ್ತಿದ್ದರು. ಅದನ್ನು ಕಳಚಿಕೊಳ್ಳಬೇಕಾದರೆ ಆ ಮಗು ತನ್ನಂತೆಯೇ ತಪ್ಪಿದ ಇನ್ನೊಂದು ಮಗುವನ್ನು ಹಿಡಿದುಕೊಡಬೇಕಾಗಿತ್ತು. ಮಕ್ಕಳನ್ನೇ ಮಕ್ಕಳ ಮೇಲೆ ಕಾವಲಿಗೆ ನಿಲ್ಲಿಸಿದ ಈ ಪದ್ಧತಿಯಷ್ಟು ಕ್ರೂರವಾದದ್ದು ಭಾಷೆಗಳ ಚರಿತ್ರೆಯಲ್ಲಿ ವಿರಳ.

ಆದರೂ ಏಕರೂಪವೆಂದು ಹೇಳಲಾಗುವ ಈ ಭಾಷೆಯೊಳಗೆ ಊರಿಗೊಂದು ಬಗೆ ಇಂದಿಗೂ ಉಳಿದಿದೆ. ಪ್ಯಾರಿಸ್ಸಿನವರು ಎಪ್ಪತ್ತನ್ನು ‘ಅರವತ್ತು-ಹತ್ತು’ ಎಂದೂ ತೊಂಬತ್ತನ್ನು ‘ನಾಲ್ಕು-ಇಪ್ಪತ್ತು-ಹತ್ತು’ ಎಂದೂ ಎಣಿಸಿದರೆ, ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನವರು ‘ಸೆಪ್ತಾಂತ್’, ‘ನೊನಾಂತ್’ ಎಂಬ ನೇರ ಪದಗಳನ್ನೇ ಬಳಸುತ್ತಾರೆ. ಚಾಕೊಲೇಟ್ ತುಂಬಿದ ಬೆಣ್ಣೆರೊಟ್ಟಿಯನ್ನು ಫ್ರಾನ್ಸಿನ ನೈಋತ್ಯ ಭಾಗದ ತುಲೂಜ್, ಬೊರ್ದೊ ಕಡೆಯವರು ‘ಶೊಕೊಲಾತೀನ್’ ಎನ್ನುತ್ತಾರೆ, ಉಳಿದವರಲ್ಲಿ ಹೆಚ್ಚಿನವರು ‘ಪ್ಯಾಂ ಓ ಶೊಕೊಲಾ’ ಎನ್ನುತ್ತಾರೆ. ಈ ಭೇದ 2018ರಲ್ಲಿ ಸಂಸತ್ತಿನ ತಿದ್ದುಪಡಿ ಸೂಚನೆಯೊಂದರವರೆಗೂ ಹೋಗಿ ಅಲ್ಲಿ ಬಿದ್ದುಹೋಯಿತು. ಊಟದ ಹೆಸರುಗಳೂ ಹಾಗೆಯೇ: ಪ್ಯಾರಿಸ್ಸಿನಲ್ಲಿ ರಾತ್ರಿಯೂಟವಾದ ‘ದಿನೇ’ ಕ್ವಿಬೆಕ್, ಬೆಲ್ಜಿಯಂ, ಸ್ವಿಟ್ಜರ್ಲೆಂಡುಗಳಲ್ಲಿ ಮಧ್ಯಾಹ್ನದ ಊಟವಾಗಿಯೇ ಉಳಿದಿದೆ. ಇವೆಲ್ಲ ಪ್ರವಾಸಿಗಳನ್ನು ರಂಜಿಸುವ ವಿವರಗಳು. ಅಟ್ಲಾಂಟಿಕ್ ಸಾಗರವನ್ನು ದಾಟಿ ಹೋದ ಫ್ರೆಂಚಿನ ಕತೆ ಮಾತ್ರ ಇದಕ್ಕಿಂತ ಬೇರೆ ತೂಕದ್ದು.

ಹದಿನೇಳನೆಯ ಶತಮಾನದಲ್ಲಿ ಅಮೆರಿಕ ಖಂಡಕ್ಕೆ ಹೋದ ಫ್ರೆಂಚರಲ್ಲಿ ಬಹುಪಾಲು ನಾರ್ಮಂಡಿ, ಪ್ವಾತು, ಸೆಂತೋಂಜ್ ಮುಂತಾದ ಪಶ್ಚಿಮ ಸೀಮೆಗಳವರೂ ಪ್ಯಾರಿಸ್ ಸುತ್ತಲಿನವರೂ ಆಗಿದ್ದರು. 1605ರಲ್ಲಿ ಪೋರ್ ರೊಯಾಲ್, 1608ರಲ್ಲಿ ಕ್ವಿಬೆಕ್ ನಗರ ಹೀಗೆ ನೆಲೆಗಳು ಹುಟ್ಟಿಕೊಂಡು, ಇಂದಿನ ನೋವಾ ಸ್ಕೋಷಿಯಾದ ಸುತ್ತ ಅಕೇಡಿಯಾವೂ, ಸೇಂಟ್ ಲಾರೆನ್ಸ್ ನದಿಯುದ್ದಕ್ಕೂ ಕೆನಡಾವೂ ಬೆಳೆದವು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸ್ ತನ್ನ ಕೆನಡಾ ವಸಾಹತನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ ಮೇಲೆ ಅಲ್ಲಿನ ಫ್ರೆಂಚರಿಗೂ ತಾಯ್ನಾಡಿಗೂ ಕೊಂಡಿ ಕಡಿದುಬಿತ್ತು. ಕ್ರಾಂತಿಯ ನಂತರ ಪ್ಯಾರಿಸ್ಸಿನ ಉಚ್ಚಾರಣೆ ಬದಲಾಯಿತಾದರೂ ಆ ಬದಲಾವಣೆಯ ಗಾಳಿ ಇತ್ತ ಬೀಸಲಿಲ್ಲ. ‘ನಾನು’, ‘ನೀನು’ ಎಂಬರ್ಥದ ಪದಗಳನ್ನು ಕ್ವಿಬೆಕ್ಕಿನ ಹಳ್ಳಿಯವರು ‘ಮ್ವೇ’, ‘ತ್ವೇ’ ಎಂದು ಉಚ್ಚರಿಸುವುದು ಇಂದು ಒರಟೆನಿಸಬಹುದು. ಒಂದು ಕಾಲಕ್ಕೆ ಅದೇ ರಾಜಸಭೆಯ ಉಚ್ಚಾರಣೆಯಾಗಿತ್ತು. ‘ಈಗ’ ಎಂಬುದಕ್ಕೆ ಕ್ವಿಬೆಕ್ಕಿನಿಂದ ಲೂಯಿಸಿಯಾನದವರೆಗೂ ಬಳಕೆಯಲ್ಲಿರುವ ‘ಆಸ್ತರ್’ ಎಂಬ ಮಾತು ‘ಈ ಹೊತ್ತಿಗೆ’ ಎಂಬ ಮೂರು ಪದಗಳು ಕೂಡಿ ಆದದ್ದು, ಮತ್ತು ಹದಿನಾರನೆಯ ಶತಮಾನದ ಮಹಾ ಪ್ರಬಂಧಕಾರ ಮೊಂತೇನ್ ಅದನ್ನು ಹೀಗೆಯೇ ಕೂಡಿಸಿ ಬರೆದಿದ್ದಾನೆ.

ಸಾಗರಯಾನದ ಪರಿಭಾಷೆ ಇವರ ಮನೆಮಾತಿಗೆ ಇಳಿದ ಬಗೆ ವಿಶೇಷವಾಗಿ ಮನಸ್ಸನ್ನು ಹಿಡಿಯುತ್ತದೆ. ಹಡಗನ್ನು ದಕ್ಕೆಗೆ ಬಿಗಿಯುವುದಕ್ಕಿದ್ದ ‘ಅಮಾರೇ’ ಎಂಬ ಕ್ರಿಯಾಪದದಿಂದ ಅಕೇಡಿಯಾ ಮತ್ತು ಲೂಯಿಸಿಯಾನದವರು ಪಾದರಕ್ಷೆಯ ದಾರವನ್ನೂ ಕಟ್ಟುತ್ತಾರೆ, ಹಗ್ಗ ಸೆಳೆಯುವ ‘ಆಲೇ’ಯಿಂದ ಬಾಗಿಲನ್ನು ಎಳೆದುಕೊಳ್ಳುತ್ತಾರೆ, ಕ್ವಿಬೆಕ್ಕಿನವರು ಕಾರಿಗೆ ಹತ್ತುವಾಗ ಹಡಗನ್ನು ಏರುವ ಪದವನ್ನೂ, ಇಳಿಯುವಾಗ ಹಡಗಿನಿಂದ ಇಳಿಯುವ ಪದವನ್ನೂ ಆಡುತ್ತಾರೆ. ಹೊಸ ನೆಲದ ಪ್ರಾಣಿಗಳಿಗೆ ತಾಯ್ನಾಡಿನ ಹೆಸರು ಒದಗದಿದ್ದಾಗ ಆ ನೆಲದ ಮೂಲನಿವಾಸಿಗಳ ಪದಗಳನ್ನು ಇವರು ಕೇಳಿ ಪಡೆದರು. ದೊಡ್ಡ ಗೊಂಕುರು ಕಪ್ಪೆಗೆ ಇರುವ ‘ವಾವಾರೋಂ’ ಎಂಬ ಹೆಸರು ಇರೊಕ್ವೋಯನ್ ಕುಲದ ಭಾಷೆಗಳಿಂದ ಬಂದದ್ದು, ಸೊಳ್ಳೆಗೆ ಇರುವ ‘ಮಾರೆಂಗ್ವೆಂ’ ದಕ್ಷಿಣ ಅಮೆರಿಕದ ತುಪಿ ಭಾಷೆಯದು, ನಿಂತ ನೀರಿನ ಕಾಲುವೆಗೆ ಇರುವ ‘ಬಾಯು’ ಚಾಕ್ಟಾ ಭಾಷೆಯದು.

ಅಕೇಡಿಯಾದ ಜನರ ಬದುಕನ್ನು 1755 ಎರಡಾಗಿ ಸೀಳಿತು. ಕೆನಡಾಕ್ಕಿಂತ ಮೊದಲೇ ಬ್ರಿಟಿಷರ ಆಳ್ವಿಕೆಗೆ ಸಿಕ್ಕಿದ್ದು, ಬ್ರಿಟಿಷ್ ದೊರೆಗೆ ಷರತ್ತಿಲ್ಲದ ನಿಷ್ಠೆಯ ಪ್ರತಿಜ್ಞೆ ಮಾಡಲು ನಿರಾಕರಿಸಿದ ಅವರನ್ನು ಆ ವರ್ಷ ಮನೆಗಳಿಂದ ಎಬ್ಬಿಸಿ, ಹಡಗುಗಳಿಗೆ ತುಂಬಿ, ಅಮೆರಿಕದ ಪೂರ್ವ ಕರಾವಳಿಯ ಉದ್ದಕ್ಕೂ ಚದುರಿಸಲಾಯಿತು. ಕುಟುಂಬಗಳು ಬೇರೆ ಬೇರೆ ಬಂದರುಗಳಿಗೆ ಬಿದ್ದವು. ಈ ಮಹಾ ಉತ್ಪಾಟನೆಯನ್ನು ಅವರ ವಂಶಜರು ‘ಗ್ರಾಂ ದೆರಾಂಜ್‌ಮಾಂ’, ಎಂದರೆ ‘ದೊಡ್ಡ ಕದಲಿಕೆ’, ಎಂದು ಕರೆಯುತ್ತಾರೆ. ಅಷ್ಟು ದೊಡ್ಡ ದುಃಖಕ್ಕೆ ಇಷ್ಟು ತಗ್ಗಿದ ದನಿಯ ಹೆಸರು. ಅವರಲ್ಲಿ ಒಂದು ಪಾಲು 1760ರ ದಶಕದ ನಡುವಿನಿಂದ ಲೂಯಿಸಿಯಾನವನ್ನು ಸೇರತೊಡಗಿತು. 1785ರಲ್ಲಿ, ಚದುರಿ ಫ್ರಾನ್ಸ್ ಸೇರಿದ್ದವರೂ ಅಲ್ಲಿಂದ ಹೊರಟು, ಏಳು ಹಡಗುಗಳಲ್ಲಿ ಸುಮಾರು 1,600 ಮಂದಿ ಬಂದಿಳಿದರು. ‘ಅಕಾದಿಯೆಂ’ ಎಂಬ ಕುಲನಾಮ ‘ಕಾದಿಯೆಂ’ ಆಗಿ, ಇಂಗ್ಲಿಷರ ನಾಲಗೆಯಲ್ಲಿ ‘ಕೇಜನ್’ ಆಯಿತು.

ಲೂಯಿಸಿಯಾನದಲ್ಲಿ ಇವರ ನುಡಿ ಒಂಟಿಯಾಗಿ ಬೆಳೆಯಲಿಲ್ಲ. ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ಬಾಯಲ್ಲಿ ಹುಟ್ಟಿದ ಕ್ರಿಯೋಲ್ ಭಾಷೆ, ಸ್ಪೇನಿನ ಆಳ್ವಿಕೆಯ ಕುರುಹುಗಳು, ಮೂಲನಿವಾಸಿಗಳ ನುಡಿಗಳು ಎಲ್ಲವೂ ಅಲ್ಲಿ ಒಂದೇ ಅಡುಗೆಮನೆಯಲ್ಲಿ ಕಲೆತವು. ಅಲ್ಲಿನ ಹೆಸರಾಂತ ಸಾರು ‘ಗಂಬೊ’ಗೆ ಆ ಹೆಸರು ಬಂದದ್ದು ಬಂಟು ಭಾಷೆಗಳಲ್ಲಿ ಬೆಂಡೆಕಾಯಿಗಿರುವ ಪದದಿಂದ. ವ್ಯಾಪಾರಿ ಅಳೆದು ತೂಗಿದ ಮೇಲೆ ಗಿರಾಕಿಗೆ ಕೈಯೆತ್ತಿ ಕೊಡುವ ಕೊಸರಿಗೆ ನ್ಯೂ ಆರ್ಲಿಯನ್ಸಿನವರು ‘ಲಾನ್ಯಾಪ್’ ಎನ್ನುತ್ತಾರೆ. ಪೆರುವಿನ ಕೆಚುವಾ ಭಾಷೆಯ ಪದವೊಂದು ಸ್ಪ್ಯಾನಿಷಿನ ದಾರಿಯಲ್ಲಿ ಬಂದು ಫ್ರೆಂಚ್ ವೇಷ ತೊಟ್ಟ ಈ ಪದವನ್ನು ಮಾರ್ಕ್ ಟ್ವೈನ್ 1883ರಲ್ಲಿ ಪ್ರಕಟವಾದ ಮಿಸಿಸಿಪ್ಪಿ ಕುರಿತ ತನ್ನ ಗ್ರಂಥದಲ್ಲಿ ಬಹು ಮೆಚ್ಚುಗೆಯಿಂದ ವಿವರಿಸಿದ. ಧೈರ್ಯ ಬಿಡಬೇಡ ಎನ್ನಲು ‘ಆಲೂಗಡ್ಡೆ ಕೈಬಿಡಬೇಡ’ ಎಂಬ ಅರ್ಥದ ಮಾತಿದೆ. ಅದು ಕ್ವಿಬೆಕ್ಕಿನಲ್ಲಿಯೂ ಕೇಳಿಬರುತ್ತದೆ. ಶನಿವಾರ ರಾತ್ರಿಯ ನೃತ್ಯಕೂಟಕ್ಕೆ ‘ಫೇ ದೊದೊ’ ಎಂದು ಹೆಸರು. ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ಜೋ ಜೋ ಹೇಳಿ ಮಲಗಿಸಿ ತಾಯ್ತಂದೆಗಳು ಕುಣಿಯಲು ಹೋಗುತ್ತಿದ್ದುದರಿಂದ, ಮಗುವಿಗೆ ಹೇಳುವ ‘ಮಲಗು’ ಎಂಬ ಲಲ್ಲೆಮಾತೇ ಕೂಟಕ್ಕೆ ಹೆಸರಾಗಿ ಅಂಟಿತು.

1921ರಲ್ಲಿ ಲೂಯಿಸಿಯಾನ ರಾಜ್ಯದ ಹೊಸ ಸಂವಿಧಾನವು ಶಾಲೆಗಳಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಪಾಠ ನಡೆಯಬೇಕೆಂದು ವಿಧಿಸಿತು. ಫ್ರೆಂಚಿನ ಹೊರತು ಬೇರೆ ಮಾತು ತಿಳಿಯದೆ ಶಾಲೆಗೆ ಬಂದ ಮಕ್ಕಳು, ಆಟದ ಬಯಲಿನಲ್ಲಿ ಆ ಮಾತನ್ನಾಡಿದ್ದಕ್ಕಾಗಿ ಜೋಳದ ಕಾಳಿನ ಮೇಲೆ ಮಂಡಿಯೂರಬೇಕಾಯಿತು, ಇನ್ನು ಫ್ರೆಂಚ್ ಆಡುವುದಿಲ್ಲ ಎಂಬ ವಾಕ್ಯವನ್ನು ನೂರಾರು ಸಲ ಬರೆಯಬೇಕಾಯಿತು. ಕನ್ನಡ ಆಡಿದ್ದಕ್ಕೆ ಶಾಲೆಯಲ್ಲಿ ದಂಡ ತೆತ್ತ ನೆನಪಿರುವ ಓದುಗರಿಗೆ ಇದರ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಶಿಕ್ಷೆಯುಂಡ ತಲೆಮಾರು ತನ್ನ ಮಕ್ಕಳಿಗೆ ಆ ನುಡಿಯನ್ನು ಕಲಿಸಲೇ ಇಲ್ಲ. ದೊಡ್ಡವರು ತಮ್ಮತಮ್ಮಲ್ಲಿ ಗುಟ್ಟು ಆಡಿಕೊಳ್ಳಲು ಮಾತ್ರ ಅದನ್ನು ಉಳಿಸಿಕೊಂಡರು. ಶಾಲೆ ಮುಚ್ಚಿದ ಬಾಗಿಲನ್ನು ತೆರೆದದ್ದು ಗ್ರಾಮಾಫೋನ್. 1928ರ ಏಪ್ರಿಲಿನಲ್ಲಿ ಜೋ ಫಾಲ್ಕನ್ ಮತ್ತು ಕ್ಲಿಯೋಮಾ ಬ್ರೋ ‘ಅಲೋಂ ಆ ಲಫಯೆತ್’ ಎಂಬ ಹಾಡನ್ನು ನ್ಯೂ ಆರ್ಲಿಯನ್ಸಿನಲ್ಲಿ ಮುದ್ರಿಸಿದರು. ಕೇಜನ್ ಸಂಗೀತದ ಮೊದಲ ತಟ್ಟೆಯೆಂದು ಅದು ಪ್ರಸಿದ್ಧವಾಗಿದೆ. ಓದು ಬರಹ ಬಾರದವರ ಮನೆಗಳಿಗೂ ತಮ್ಮದೇ ಉಚ್ಚಾರಣೆಯ ಫ್ರೆಂಚ್, ಯಂತ್ರದೊಳಗಿಂದ ಗೌರವದ ದನಿಯಲ್ಲಿ ಕೇಳಿಬಂತು.

ಆ ಮರು ವರ್ಷದ ಡಿಸೆಂಬರಿನಲ್ಲಿ ಮುದ್ರಣಕ್ಕೆ ಕುಳಿತ ಅಮೆದೆ ಆರ್ದ್ವೆಂ ಇಡೀ ಲೂಯಿಸಿಯಾನ ಸಂಗೀತದ ಮೂಲಪುರುಷರಲ್ಲಿ ಒಬ್ಬ. 1898ರಲ್ಲಿ ಹುಟ್ಟಿದ ಈ ಕರಿಯ ಅಕಾರ್ಡಿಯನ್ ವಾದಕ, ಬಿಳಿಯ ಪಿಟೀಲುವಾದಕ ಡೆನಿಸ್ ಮಗೀಯೊಡನೆ ಕೂತು, ವರ್ಣಭೇದದ ಕಾನೂನುಗಳು ಬಿಗಿಯಾಗಿದ್ದ ಕಾಲದಲ್ಲಿ ಹಾಡಿದ. 1929ರಿಂದ 1934ರ ನಡುವೆ ಮುದ್ರಿತವಾದ ಅವನ 34 ಹಾಡುಗಳು ಮುಂದೆ ಬಿಳಿಯರ ಕೇಜನ್ ಸಂಗೀತಕ್ಕೂ ಕರಿಯರ ಝೈಡಿಕೊಗೂ ಒಂದೇ ಬುನಾದಿಯಾದವು. ನೃತ್ಯಕೂಟವೊಂದರಲ್ಲಿ ಬಿಳಿಯ ಹುಡುಗಿಯೊಬ್ಬಳು ಬೆವರು ಒರೆಸಿಕೊಳ್ಳಲು ಕೊಟ್ಟ ಕರವಸ್ತ್ರವನ್ನು ಪಡೆದದ್ದಕ್ಕಾಗಿ ಅವನನ್ನು ಬಡಿದರೆಂದೂ, ಆ ಪೆಟ್ಟಿನಿಂದ ಅವನು ಚೇತರಿಸಿಕೊಳ್ಳಲಿಲ್ಲವೆಂದೂ ಅಲ್ಲಿನ ಸಂಗೀತಗಾರರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. 1942ರಲ್ಲಿ ಅವನು ಪೈನ್‌ವಿಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ದಾರಿಯನ್ನು ಆಪಲೂಸಸ್ ಕಡೆಯ ಕ್ಲಿಫ್ಟನ್ ಶೆನಿಯರ್ ಬ್ಲೂಸ್ ಸಂಗೀತದೊಡನೆ ಬೆಸೆದು ಝೈಡಿಕೊಗೆ ಇಂದಿನ ರೂಪ ಕೊಟ್ಟ. ಬಟ್ಟೆಯೊಗೆಯುವ ಹಲಗೆಯ ಸುಕ್ಕುತಗಡನ್ನು ಹೆಗಲಿನಿಂದ ತೂಗುಹಾಕಿಕೊಳ್ಳುವ ಅಂಗಿಯ ಆಕಾರಕ್ಕೆ ತಂದ ‘ಫ್ರೊತ್ವಾರ್’, ಎಂದರೆ ಉಜ್ಜುವ ಸಾಧನ, ಅವನ ಮತ್ತು ಅವನ ಅಣ್ಣ ಕ್ಲೀವ್‌ಲೆಂಡನ ಕಲ್ಪನೆಯಿಂದ ಹುಟ್ಟಿದ್ದು. ಹುಲ್ಲು ಬಾಚುವ ಕುಂಟೆಯ ಹಲ್ಲುಗಳಿಂದ ಮಾಡಿದ ತ್ರಿಕೋನ ತಾಳವಾದ್ಯಕ್ಕೆ ಕೇಜನ್ನರು ‘ತಿಫೆರ್’, ‘ಪುಟ್ಟ ಕಬ್ಬಿಣ’, ಎನ್ನುತ್ತಾರೆ. ವಾದ್ಯಗಳೇ ಹೀಗೆ ಹೊಲ ಮನೆಗಳ ಸಾಮಾನಾಗಿದ್ದಾಗ ಅವುಗಳ ಹೆಸರುಗಳು ಇಂಗ್ಲಿಷಿಗೆ ತಿರುಗಬೇಕಾದ ಒತ್ತಡ ಬರಲಿಲ್ಲ. ಮಾತು ಮರೆತ ಮೊಮ್ಮಕ್ಕಳ ಬಾಯಲ್ಲಿಯೂ ಆ ಪದಗಳು ಬದುಕಿವೆ.

1964ರಲ್ಲಿ ಪಿಟೀಲುವಾದಕ ಡ್ಯೂಯಿ ಬಾಲ್ಫಾ ಇದ್ದ ಮೂವರ ತಂಡವೊಂದು ನ್ಯೂಪೋರ್ಟ್ ಜಾನಪದ ಸಂಗೀತೋತ್ಸವಕ್ಕೆ ಹೋದಾಗ, ಈ ಒರಟು ಹಾಡುಗಳಿಂದ ನಾಡಿನ ಮಾನ ಹೋದೀತೆಂದು ಊರಿನ ಪತ್ರಿಕೆಯೇ ಹೀಗಳೆದಿತ್ತು. ಸುಮಾರು 17,000 ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಸದ್ದು ಲೂಯಿಸಿಯಾನಕ್ಕೆ ಮುಟ್ಟಿ, ನಾಚಿಕೆ ನಿಧಾನವಾಗಿ ಕರಗತೊಡಗಿತು. 1968ರಲ್ಲಿ ರಾಜ್ಯ ಸರ್ಕಾರವು ಫ್ರೆಂಚಿನ ಅಭಿವೃದ್ಧಿಗಾಗಿ ಮಂಡಳಿಯೊಂದನ್ನು ರಚಿಸಿತು. ದುರದೃಷ್ಟವಶಾತ್ ಆ ಮಂಡಳಿಯ ಮೊದಲ ಅಧ್ಯಕ್ಷ, ವಕೀಲ ಜೇಮ್ಸ್ ಡೊಮೆಂಜೋ, ಶಾಲೆಗಳಿಗೆ ತರಬೇಕಾದದ್ದು ಅಂತರರಾಷ್ಟ್ರೀಯ ಫ್ರೆಂಚೆಂದು ನಂಬಿ, ಫ್ರಾನ್ಸ್, ಬೆಲ್ಜಿಯಂ, ಕ್ವಿಬೆಕ್‌ಗಳಿಂದ ಶಿಕ್ಷಕರನ್ನು ಕರೆಸಿದ. ಸೀಗಡಿಗೆ ಮನೆಯಲ್ಲಿ ‘ಶೆವ್ರೆತ್’ ಎನ್ನುವ ಅಜ್ಜಿಯ ಮೊಮ್ಮಗ ಶಾಲೆಯಲ್ಲಿ ‘ಕ್ರೆವೆತ್’ ಎಂದು ಕಲಿತ. ಮೊದಲು ಇಂಗ್ಲಿಷಿನ ಮುಂದೆ ಕೀಳಾಗಿದ್ದ ಅಜ್ಜಿಯ ಮಾತು, ಈಗ ಅವಳದೇ ಭಾಷೆಯ ಹೆಸರಿನಲ್ಲಿ ಎರಡನೆಯ ಸಲ ಕೀಳಾಯಿತು. ಉಳಿಸಲು ಬಂದವರ ಕೈಯಲ್ಲಾದ ಈ ಗಾಯ ಮೊದಲಿನದಕ್ಕಿಂತ ಆಳವಾದದ್ದೆಂದರೆ ತಪ್ಪಾಗಲಾರದು. 1977ರಲ್ಲಿ ಪ್ರೌಢಶಾಲಾ ಶಿಕ್ಷಕ ಜೇಮ್ಸ್ ಫಾಕ್ ಕೇಜನ್ ನುಡಿಯ ಪಠ್ಯವನ್ನೂ, 1984ರಲ್ಲಿ ಪಾದ್ರಿ ಜೂಲ್ಸ್ ಡೇಗಲ್ ಅದರ ನಿಘಂಟನ್ನೂ ಪ್ರಕಟಿಸಿದ್ದು ಈ ಗಾಯಕ್ಕೆ ಉತ್ತರವಾಗಿ. 2010ರಲ್ಲಿ ಭಾಷಾವಿಜ್ಞಾನಿ ಆಲ್ಬರ್ಟ್ ವಾಲ್ಡ್‌ಮನ್ ಮತ್ತು ಸಂಗಡಿಗರು ಕೇಜನ್, ಕ್ರಿಯೋಲ್, ಮೂಲನಿವಾಸಿ ಸಮುದಾಯಗಳ ಮಾತನ್ನು ಸಂಗ್ರಹಿಸಿದ ದೊಡ್ಡ ನಿಘಂಟು ಬಂತು. 2023ರಲ್ಲಿ ಪ್ವಾಂತ್-ಓ-ಶಿಯೆಂ ಎಂಬ ಕರಾವಳಿ ಊರಿನ ಮೂಲನಿವಾಸಿಗಳು, ಮುಚ್ಚಿಹೋಗಿದ್ದ ತಮ್ಮ ಶಾಲೆಗೆ ಬದಲಾಗಿ ಫ್ರೆಂಚ್ ಮಾಧ್ಯಮದ ಶಾಲೆಯನ್ನು ಹೋರಾಡಿ ಪಡೆದರು.

ಕ್ವಿಬೆಕ್ಕಿನಲ್ಲಿ ಫ್ರೆಂಚ್ ಆಡುವವರು ಬಹುಸಂಖ್ಯಾತರಾಗಿಯೇ ಉಳಿದರಾದರೂ, ಕಾರ್ಖಾನೆಯ ಒಡೆತನ ಇಂಗ್ಲಿಷಿನವರಲ್ಲಿದ್ದು, ಶಾಲೆ ಆಸ್ಪತ್ರೆಗಳು ಕ್ಯಾಥೊಲಿಕ್ ಚರ್ಚಿನ ಹಿಡಿತದಲ್ಲಿದ್ದವು. ಅಲ್ಲಿಯೂ ಜನಸಾಮಾನ್ಯರ ಮಾತು ಮೊದಲು ಕೇಳಿಸಿದ್ದು ಹಾಡಿನಲ್ಲಿ. 1894ರಲ್ಲಿ ಗಾಸ್ಪೆ ದ್ವೀಪಕಲ್ಪದ ನ್ಯೂಪೋರ್ಟ್ ಎಂಬ ಮೀನುಗಾರರ ಊರಿನಲ್ಲಿ ಹುಟ್ಟಿದ ಮೇರಿ ಟ್ರಾವರ್ಸ್, ‘ಲಾ ಬೊಲ್ದ್ಯುಕ್’ ಎಂಬ ಹೆಸರಿನಿಂದ 1929ರ ಹೊತ್ತಿಗೆ ಮನೆಮಾತಾದಳು. ನಿರುದ್ಯೋಗ, ಬಾಡಿಗೆ, ಪೊಲೀಸರು, ಅಡುಗೆಯಾಳು ಇವೇ ಅವಳ ಹಾಡಿನ ವಸ್ತು. ಅರ್ಥವಿಲ್ಲದ ಅಕ್ಷರಗಳನ್ನು ನಾಲಗೆಯಲ್ಲಿ ಕುಣಿಸುವ ‘ತುರ್ಲ್ಯೂತ್’ ಅವಳ ಮುದ್ರೆ. ಓದಿದವರು ಅವಳ ಮಾತನ್ನು ಗ್ರಾಮ್ಯವೆಂದು ಹಳಿದರು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಜನ ಅವಳ ತಟ್ಟೆಗಳನ್ನು ಕೊಂಡರು.

ಈ ಗ್ರಾಮ್ಯ ನುಡಿಗೆ ‘ಜ್ವಾಲ್’ ಎಂಬ ಹೆಸರು ಬಂದದ್ದು, ಕುದುರೆಗಿರುವ ‘ಶೆವಾಲ್’ ಎಂಬ ಪದವನ್ನು ಮಾಂಟ್ರಿಯಲ್ಲಿನ ದುಡಿಯುವ ಜನ ಹಾಗೆ ಉಚ್ಚರಿಸುತ್ತಿದ್ದುದರಿಂದ. 1959ರಲ್ಲಿ ಪತ್ರಕರ್ತ ಆಂದ್ರೆ ಲೊರಾಂದೋ ಬರೆದ ಲೇಖನದಿಂದ ಹೊತ್ತಿಕೊಂಡ ಚರ್ಚೆಯಲ್ಲಿ ಅದು ಬೈಗುಳವಾಗಿಯೇ ಬಳಕೆಯಾಯಿತು. ಆ ಬೈಗುಳವನ್ನು ಕಲೆಯಾಗಿ ತಿರುಗಿಸಿದವನು ನಾಟಕಕಾರ ಮಿಶೆಲ್ ತ್ರಾಂಬ್ಲೇ. ಅವನ ‘ಲೇ ಬೆಲ್-ಸರ್’ ನಾಟಕ 1968ರ ಆಗಸ್ಟ್ 28ರಂದು ಮಾಂಟ್ರಿಯಲ್ಲಿನ ರಿದೋ ವೇರ್ ರಂಗಮಂದಿರದಲ್ಲಿ ಮೊದಲು ಆಡಲ್ಪಟ್ಟಿತು. ಅಂಗಡಿಯ ಬಹುಮಾನದ ಚೀಟಿಗಳನ್ನು ಹತ್ತು ಲಕ್ಷದಷ್ಟು ಗೆದ್ದ ಗೃಹಿಣಿಯೊಬ್ಬಳು, ಅವನ್ನು ಪುಸ್ತಕಕ್ಕೆ ಅಂಟಿಸಲು ನೆರೆಹೊರೆಯ ಹೆಂಗಸರನ್ನು ಅಡುಗೆಮನೆಗೆ ಕರೆಯುತ್ತಾಳೆ. ಅವರು ಅಂಟಿಸುತ್ತ ಕದಿಯುತ್ತಾರೆ. ಹದಿನೈದು ಮಂದಿ ಹೆಂಗಸರೂ ತಮ್ಮ ಬೀದಿಯ ಮಾತಿನಲ್ಲಿಯೇ ಆಡುವ ಈ ನಾಟಕವನ್ನು ಪ್ಯಾರಿಸ್ಸಿಗೆ ಒಯ್ಯಲು 1972ರಲ್ಲಿ ಕ್ವಿಬೆಕ್ ಸರ್ಕಾರ ಧನಸಹಾಯ ನಿರಾಕರಿಸಿತು. ಮರುವರ್ಷ ಪ್ಯಾರಿಸ್ ಅದನ್ನು ಮೆಚ್ಚಿ ನೋಡಿತು. ಮುಂದೆ ಅದು ಸ್ಕಾಟ್ಸ್ ನುಡಿಗೆ ಅನುವಾದಗೊಂಡು ಅಷ್ಟೇ ಜೀವಂತವಾಗಿ ಆಡಲ್ಪಟ್ಟದ್ದು, ಬೀದಿಯ ಮಾತಿಗೆ ತಕ್ಕ ಅನುವಾದ ಇನ್ನೊಂದು ಬೀದಿಯ ಮಾತೇ ಎಂಬುದಕ್ಕೆ ಒಳ್ಳೆಯ ಸಾಕ್ಷಿ.

ಚರ್ಚಿನ ಹಿಡಿತ ಎಷ್ಟಿತ್ತೆಂಬುದನ್ನು ಕ್ವಿಬೆಕ್ಕಿನ ಬೈಗುಳಗಳೇ ಹೇಳುತ್ತವೆ. ‘ಸಾಕ್ರ್’ ಎಂದು ಕರೆಯಲಾಗುವ ಇವುಗಳಲ್ಲಿ ದೇಹಕ್ಕೋ ಕಾಮಕ್ಕೋ ಸಂಬಂಧಿಸಿದ್ದು ಕಡಿಮೆ, ಪೂಜಾ ಸಾಮಗ್ರಿಗಳೇ ಹೆಚ್ಚು: ‘ತಬರ್ನಾಕ್’ ಎಂಬುದು ಪ್ರಸಾದವಿಡುವ ಪೆಟ್ಟಿಗೆ, ‘ಕಾಲಿಸ್’ ದ್ರಾಕ್ಷಾರಸದ ಪಾತ್ರೆ, ‘ಓಸ್ತಿ’ ಪ್ರಸಾದದ ರೊಟ್ಟಿ. ಇವನ್ನು ಒಂದರ ಹಿಂದೊಂದು ಪೋಣಿಸಬಹುದು, ಕ್ರಿಯಾಪದವಾಗಿಸಿ ಎಸೆಯುವುದಕ್ಕೂ ಅಲಕ್ಷಿಸುವುದಕ್ಕೂ ಬಳಸಬಹುದು. 1960ರ ದಶಕದಲ್ಲಿ ಚರ್ಚಿನ ಅಧಿಕಾರ ಕುಸಿದ ‘ಮೌನಕ್ರಾಂತಿ’ಯ ಕಾಲಕ್ಕೆ ಈ ಪದಗಳು ರಂಗಭೂಮಿಗೂ ರಾಬರ್ಟ್ ಶಾರ್ಲ್‌ಬ್ವಾನಂಥವರ ರಾಕ್ ಹಾಡುಗಳಿಗೂ ರಾಜಾರೋಷವಾಗಿ ಬಂದವು. ಇಂದು ಪ್ರಸಾದದ ಪೆಟ್ಟಿಗೆಯನ್ನು ಕಣ್ಣಾರೆ ಕಾಣದ ಯುವಕರೂ ಅವನ್ನು ಆಡುತ್ತಾರೆ.

1977ರ ಆಗಸ್ಟ್ 26ರಂದು ಜಾರಿಗೆ ಬಂದ ‘101ನೆಯ ಕಾನೂನು’ ಫ್ರೆಂಚನ್ನು ಕ್ವಿಬೆಕ್ಕಿನ ಆಡಳಿತ, ಕಚೇರಿ, ಅಂಗಡಿ ಫಲಕಗಳ ಭಾಷೆಯಾಗಿಸಿತು. ಇಂಗ್ಲಿಷಿನ ಸಮುದ್ರದ ನಡುವೆ ಇಂದು ಸುಮಾರು 90 ಲಕ್ಷ ಜನಸಂಖ್ಯೆಯ ಈ ಪ್ರಾಂತಕ್ಕೆ ಅಂಥ ತಡೆಗೋಡೆ ಬೇಕಾಗಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. ಗೋಡೆಯ ಒಳಗೆ ಪದಸೃಷ್ಟಿಯೂ ಹುರುಪಿನಿಂದ ನಡೆಯಿತು. ಅಂಚೆ ಮತ್ತು ವಿದ್ಯುನ್ಮಾನ ಎಂಬ ಪದಗಳ ತುಣುಕುಗಳನ್ನು ಕೂಡಿಸಿ ಇಮೇಲಿಗೆ ಕಟ್ಟಿದ ‘ಕುರಿಯೆಲ್’ ಎಂಬ ಕ್ವಿಬೆಕ್ ಪದವನ್ನು 2003ರಲ್ಲಿ ಫ್ರಾನ್ಸ್ ಸರ್ಕಾರವೇ ಅಧಿಕೃತವಾಗಿ ಒಪ್ಪಿಕೊಂಡಿತು. ಸಿನಿಮಾದ ಕತೆಯನ್ನು ಮೊದಲೇ ಹೇಳಿ ರಸಭಂಗ ಮಾಡುವುದಕ್ಕೆ, ‘ಹೊರಗೆಡಹು’ ಮತ್ತು ‘ಕೆಡಿಸು’ ಎಂಬರ್ಥದ ಪದಗಳನ್ನು ಬೆಸೆದ ‘ದಿವುಲ್ಗಾಶೇ’ ಕೂಡ ಅಲ್ಲಿಂದ ಹೊರಟು ಪ್ಯಾರಿಸ್ಸಿನ ಲಾರೂಸ್ ನಿಘಂಟನ್ನು ಸೇರಿದೆ.

ಪ್ಯಾರಿಸ್ಸಿಗೆ ಪದಗಳನ್ನು ಸಾಗಿಸುವ ಇನ್ನೊಂದು ದಾರಿ ಇಂದು ಆಫ್ರಿಕದಿಂದ ಬರುತ್ತದೆ. ಐವರಿ ಕೋಸ್ಟಿನ ಅಬಿಜಾನ್ ನಗರದ ಬೀದಿ ಹುಡುಗರು ಫ್ರೆಂಚಿಗೆ ಜೂಲಾ, ಬಾವುಲೆ, ಇಂಗ್ಲಿಷುಗಳನ್ನು ಬೆರೆಸಿ ಕಟ್ಟಿದ ‘ನೂಶಿ’ ಎಂಬ ನುಡಿಯು, 1990ರ ದಶಕದಲ್ಲಿ ಅಲ್ಲಿನ ವಿದ್ಯಾರ್ಥಿಗಳ ನಡುವೆ ಹುಟ್ಟಿದ ಜುಗ್ಲೂ ಸಂಗೀತದ ಬೆನ್ನೇರಿ ಹೊರಟಿತು. ಮ್ಯಾಜಿಕ್ ಸಿಸ್ಟಮ್ ತಂಡದ 1999ರ ‘ಪ್ರೆಮಿಯೆ ಗಾವು’ ಹಾಡು ಮೂರು ವರ್ಷದ ಬಳಿಕ ಫ್ರಾನ್ಸಿನ ಮದುವೆ ಮನೆಗಳಲ್ಲೆಲ್ಲ ಕೇಳಿಬಂದು, ಮಂಕನೆಂಬ ಅರ್ಥದ ‘ಗಾವು’ ಪದವನ್ನು ಎಲ್ಲರಿಗೂ ಕಲಿಸಿತು. ಇಂಗ್ಲಿಷಿನ ‘ಎಂಜಾಯ್’ ಅಬಿಜಾನಿನಲ್ಲಿ ‘ಎಂಜಾಯೇ’ ಎಂಬ ಕ್ರಿಯಾಪದವಾಗಿ ಪ್ಯಾರಿಸ್ಸಿನ ಯುವಜನರ ಬಾಯಿಗೆ ಬಂದದ್ದೂ ಹೀಗೆಯೇ. ಪ್ಯಾರಿಸ್ಸಿನ ಹೊರವಲಯಗಳಲ್ಲಿ ಇದಕ್ಕೆ ಮೊದಲೇ ‘ವೆರ್ಲಾಂ’ ಎಂಬ ಗುಪ್ತಭಾಷೆ ಬಲಿತಿತ್ತು. ಪದದ ಅಕ್ಷರಗಳನ್ನು ಹಿಂದುಮುಂದಾಗಿಸುವ ಅದರಲ್ಲಿ ಹೆಣ್ಣಿಗಿರುವ ‘ಫಾಮ್’ ‘ಮಫ್’ ಆಗುತ್ತದೆ, ಪೊಲೀಸನಿಗಿರುವ ‘ಫ್ಲಿಕ್’ ‘ಕಫ್’ ಆಗುತ್ತದೆ. ಗಾಯಕ ರೆನೋ 1977ರಲ್ಲಿ ಒಂದು ಹಾಡಿನ ಶೀರ್ಷಿಕೆಗೇ ಇದನ್ನು ಬಳಸಿದ. 1996ರ ಆರಂಭದಿಂದ ರೇಡಿಯೊದ ಜನಪ್ರಿಯ ಹಾಡುಗಳಲ್ಲಿ ಶೇ 40ರಷ್ಟು ಫ್ರೆಂಚ್ ಇರಬೇಕೆಂಬ ಕಾನೂನು ಜಾರಿಯಾದಾಗ, ಇಂಗ್ಲಿಷನ್ನು ತಡೆಯಲೆಂದು ಕಟ್ಟಿದ ಆ ಕಟ್ಟೆಯ ನೀರು ಹರಿದದ್ದು ಬಹುಮಟ್ಟಿಗೆ ರ‍್ಯಾಪ್ ಸಂಗೀತದ ಗದ್ದೆಗೆ, ಮತ್ತು ಅದರೊಡನೆ ವೆರ್ಲಾಂ, ಅರಬ್ಬಿ, ಆಫ್ರಿಕದ ಪದಗಳು ದೇಶದ ಮೂಲೆಮೂಲೆಗೂ ಮುಟ್ಟಿದವು.

ಮಾಲಿಯ ಬಮಾಕೊದಲ್ಲಿ ಹುಟ್ಟಿದ ಆಯಾ ನಕಮುರಾ 2018ರ ‘ಜಾಜಾ’ ಹಾಡಿನಿಂದ ಜಗತ್ತಿನಲ್ಲಿಯೇ ಅತಿ ಹೆಚ್ಚು ಕೇಳಲ್ಪಡುವ ಫ್ರೆಂಚ್ ಗಾಯಕಿಯರಲ್ಲಿ ಒಬ್ಬಳಾದಳು. 2024ರ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಅವಳು ಹಾಡಬಹುದೆಂಬ ಸುದ್ದಿಗೆ ಜನಾಂಗದ್ವೇಷಿಗಳು ಬೊಬ್ಬೆಯಿಟ್ಟರು. ಅವಳದು ಫ್ರೆಂಚೇ ಅಲ್ಲವೆಂದರು. ಜುಲೈ 26ರ ಸಂಜೆ ಅವಳು ಅಕಾಡೆಮಿಯು ನೆಲೆಸಿರುವ ಭವನದ ಬಾಗಿಲಿನಿಂದಲೇ ಹೊರಬಂದು, ಗಣರಾಜ್ಯದ ರಕ್ಷಣಾ ಪಡೆಯ ವಾದ್ಯಮೇಳದೊಡನೆ ಹಾಡಿದಳು. ತನ್ನ ಹಾಡುಗಳೊಡನೆ ಅವಳು ಬೆಸೆದ ಶಾರ್ಲ್ ಅಜ್ನಾವೂರನ ಹಳೆಯ ಹಾಡು ಕೂಡ ಇಂಗ್ಲಿಷ್ ಮತ್ತು ಫ್ರೆಂಚುಗಳನ್ನು ಬೇಕೆಂದೇ ಕಲಸಿ ಆಟವಾಡಿದ ಹಾಡಾಗಿತ್ತೆಂಬುದು ಶುದ್ಧಿವಾದಿಗಳಿಗೆ ನೆನಪಿದ್ದಂತಿರಲಿಲ್ಲ.

ಯಾವುದು ಫ್ರೆಂಚ್, ಯಾವುದು ಅಲ್ಲ ಎಂಬ ಇದೇ ಪ್ರಶ್ನೆ ಮಾಂಟ್ರಿಯಲ್ಲಿನಲ್ಲಿ ಹೆಚ್ಚು ಕಷ್ಟದ್ದಾಗಿ ಕಾಡುತ್ತದೆ, ಏಕೆಂದರೆ ಅಲ್ಲಿ ಇಂಗ್ಲಿಷಿನ ಭಯ ಕಲ್ಪಿತವಾದದ್ದಲ್ಲ. ಡೆಡ್ ಓಬೀಸ್ ಎಂಬ ರ‍್ಯಾಪ್ ತಂಡ ತನ್ನ ಸುತ್ತಲಿನ ಯುವಜನ ಆಡುವಂತೆಯೇ ಫ್ರೆಂಚ್ ಮತ್ತು ಇಂಗ್ಲಿಷನ್ನು ಒಂದೇ ಸಾಲಿನಲ್ಲಿ ಹೆಣೆದು ಹಾಡಿದಾಗ, ಪತ್ರಿಕೆಗಳಲ್ಲಿ ಭಾಷೆಯ ಆತ್ಮಹತ್ಯೆಯ ಮಾತು ಬಂತು. 2016ರಲ್ಲಿ ಅವರ ಹೊಸ ಆಲ್ಬಮ್ಮಿಗೆ ದೊರೆಯಬೇಕಿದ್ದ ಸುಮಾರು 18,000 ಡಾಲರುಗಳ ಧನಸಹಾಯಕ್ಕೆ ಹಾಡುಗಳ ಶೇ 70ರಷ್ಟು ಪದಗಳು ಫ್ರೆಂಚಾಗಿರಬೇಕೆಂಬ ನಿಯಮವಿತ್ತು. ಹಾಡುಗಳ ಪದಗಳನ್ನು ಎಣಿಸಿ ನೋಡಿದಾಗ ಸುಮಾರು ಶೇ 55 ಬಂತು, ಹಣ ಕೈತಪ್ಪಿತು. ನಿಯಮ ಮಾಡಿದವರ ಆತಂಕ ನ್ಯಾಯವಾದದ್ದೇ ಆದರೂ, ಎಣಿಕೆಯ ಎದುರು ಕೂತವರು ಯಾವ ಪದವನ್ನು ಯಾವ ಭಾಷೆಯ ಖಾತೆಗೆ ಹಾಕಬೇಕೆಂಬುದು ಸುಲಭದ ಮಾತಲ್ಲ: ಇಂಗ್ಲಿಷಿನಿಂದ ಬಂದು ಗಂಡುಗೆಳೆಯನಿಗೆ ಬಹುಕಾಲದಿಂದ ಹೆಸರಾಗಿರುವ ‘ಚಮ್’ ಕ್ವಿಬೆಕ್ಕಿನ ಪ್ರತಿ ಮನೆಯಲ್ಲಿಯೂ ಫ್ರೆಂಚ್ ಪದವೇ ಆಗಿದೆ, ಫ್ರೆಂಚ್ ಆಖ್ಯಾತ ಪ್ರತ್ಯಯಗಳನ್ನು ತೊಟ್ಟ ಇಂಗ್ಲಿಷ್ ಕ್ರಿಯಾಪದಗಳು ಅಲ್ಲಿನ ಫ್ರೆಂಚಿನ ನಿಯಮಕ್ಕನುಗುಣವಾಗಿಯೇ ರೂಪ ಪಡೆಯುತ್ತವೆ, ಮತ್ತು ನ್ಯೂ ಬ್ರನ್ಸ್‌ವಿಕ್ಕಿನ ಮಂಕ್ಟನ್ ನಗರದಲ್ಲಿ ಅಕೇಡಿಯನ್ನರು ಹೀಗೆಯೇ ಬೆರೆಸಿ ಆಡುವ ‘ಶಿಯಾಕ್’ ನುಡಿ ಈಗಾಗಲೇ ತನ್ನದೇ ಗಾಯಕರನ್ನೂ ಕವಿಗಳನ್ನೂ ಪಡೆದಿದೆ.